ಯಾವ ಎಲೆ, ಯಾವ ಭಾಗ, ಯಾವ ವಯಸ್ಸು: ಮಂಡ್ಯ–ಮೈಸೂರು ಬೆಳೆಗಳಿಗೆ ಎಲೆ ಮಾದರಿ ತೆಗೆಯುವ ವಿಧಾನಗಳ ಹೋಲಿಕೆ

ಮಣ್ಣಿನಲ್ಲಿ ಏನಿದೆ ಎಂದು ಮಣ್ಣು ಪರೀಕ್ಷೆ ಹೇಳುತ್ತದೆ. ಗಿಡದ ಹೊಟ್ಟೆಗೆ ಎಷ್ಟು ಸೇರಿದೆ ಎಂದು ಹೇಳುವುದು ಎಲೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಚೌಳು ಹಿಡಿದ ಗದ್ದೆಯ ಮಣ್ಣಲ್ಲಿ ಸತು ಇದ್ದರೂ ಭತ್ತಕ್ಕೆ ದಕ್ಕುವುದಿಲ್ಲ. ಸುಣ್ಣದಂಶ ಜಾಸ್ತಿ ಇರುವ ಎರೆ ಹೊಲದಲ್ಲಿ ಕಬ್ಬಿಣಕ್ಕೆ ಬರವಿಲ್ಲ, ಆದರೂ ಕೂಳೆ ಕಬ್ಬು (ಕಟಾವಾದ ಬುಡದಿಂದ ಮತ್ತೆ ಚಿಗುರಿದ ಕಬ್ಬು) ಬಿಳಿಚಿಕೊಳ್ಳುತ್ತದೆ. ಇಂಥ ಕಡೆ ಎಲೆಯನ್ನೇ ಕೇಳಬೇಕು.

ಆದರೆ ಎಲೆ ಪರೀಕ್ಷೆ ಹಾಳಾಗುವುದು ಬಹುಪಾಲು ಹೊಲದಲ್ಲೇ, ಪ್ರಯೋಗಾಲಯ ತಲುಪುವ ಮೊದಲೇ. ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಷಿಯಂ ಕೊರತೆಯಾದಾಗ ಗಿಡ ಹಳೇ ಎಲೆಯಿಂದ ಕಿತ್ತು ಎಳೇ ಎಲೆಗೆ ಕೊಡುತ್ತದೆ. ಕ್ಯಾಲ್ಸಿಯಂ, ಬೋರಾನ್, ಕಬ್ಬಿಣ ಹಾಗೆ ಓಡಾಡುವುದಿಲ್ಲ, ಸೇರಿದ ಎಲೆಯಲ್ಲೇ ಉಳಿಯುತ್ತವೆ. ಹೀಗಾಗಿ ಒಂದೇ ಗಿಡದಿಂದ ಒಂದೇ ದಿನ ಎರಡು ಬೇರೆ ಎಲೆ ಕಿತ್ತರೆ ಎರಡು ಬೇರೆ ವರದಿ ಬರುತ್ತದೆ, ಎರಡೂ ಸರಿಯೇ. 'ಕಬ್ಬಿಗೆ ಸಾರಜನಕ 1.8 ಪ್ರತಿಶತ ಇರಬೇಕು' ಎಂಬ ಅಂಕೆ ಒಂದು ನಿರ್ದಿಷ್ಟ ಎಲೆಯ, ನಿರ್ದಿಷ್ಟ ಭಾಗದ, ನಿರ್ದಿಷ್ಟ ವಯಸ್ಸಿನ ಅಂಕೆ. ಬೇರೆ ಎಲೆ ಕಳಿಸಿ ಅದೇ ಅಂಕೆಗೆ ಹೋಲಿಸಿದರೆ ವರದಿಗೆ ಕೊಟ್ಟ ಹಣವೂ, ಅದನ್ನು ನಂಬಿ ಹಾಕಿದ ಗೊಬ್ಬರವೂ ದಂಡ.

ಪ್ರಶ್ನೆ ಯಾವುದು ಎಂದು ಮೊದಲು ನಿರ್ಧರಿಸಿ

ವಿಧಾನ ಆರಿಸುವ ಮೊದಲು ನಿಮ್ಮ ಪ್ರಶ್ನೆ ಈ ಮೂರರಲ್ಲಿ ಯಾವುದೆಂದು ನೋಡಿ. ಈ ವಾರ ಮೇಲುಗೊಬ್ಬರ ಹಾಕಲೋ ಬೇಡವೋ ಎಂಬುದಾದರೆ ಗದ್ದೆಯಲ್ಲೇ ಉತ್ತರ ಸಿಗುವ ವಿಧಾನ ಬೇಕು: ಎಲೆ ಬಣ್ಣದ ಪಟ್ಟಿ (ತಿಳಿಯಿಂದ ಗಾಢ ಹಸಿರಿನವರೆಗೆ ಅಂಕೆ ಹಾಕಿದ ಪಟ್ಟಿ), ಎಲೆಯ ಹಸಿರು ಅಳೆಯುವ ಕ್ಲೋರೋಫಿಲ್ ಮೀಟರ್, ತೊಟ್ಟಿನ ರಸ. ಹೊಲದ ಒಂದು ಮೂಲೆ ಮಾತ್ರ ಕೆಟ್ಟಿದೆ, ಕಾರಣ ಗೊತ್ತಾಗಬೇಕು ಎಂದಾದರೆ ಕೆಟ್ಟ ಜಾಗದ್ದೂ ಚೆನ್ನಾಗಿರುವ ಜಾಗದ್ದೂ ಬೇರೆ ಬೇರೆ ಮಾದರಿ ಬೇಕು. ಮುಂದಿನ ವರ್ಷದ ಗೊಬ್ಬರದ ಲೆಕ್ಕಕ್ಕೆ ಎಂದಾದರೆ ಪ್ರತಿ ವರ್ಷ ಅದೇ ತಿಂಗಳು, ಅದೇ ಎಲೆ ತೆಗೆದು ಒಣಗಿಸಿ ಪ್ರಯೋಗಾಲಯಕ್ಕೆ ಕಳಿಸುವುದೇ ದಾರಿ. ಒಂದು ಪ್ರಶ್ನೆಗೆ ತೆಗೆದ ಮಾದರಿಯಿಂದ ಇನ್ನೊಂದಕ್ಕೆ ಉತ್ತರ ಹುಡುಕಿದರೆ ಸಿಗುವುದಿಲ್ಲ.

ಭತ್ತ: ಬಣ್ಣದ ಪಟ್ಟಿಯೋ, ಮೀಟರೋ, ಪ್ರಯೋಗಾಲಯವೋ

ಯೂರಿಯಾ ಯಾವಾಗ ಹಾಕಬೇಕು ಎಂಬ ಒಂದೇ ಪ್ರಶ್ನೆಗೆ ಬಣ್ಣದ ಪಟ್ಟಿಗಿಂತ ಅಗ್ಗವಾದದ್ದು, ಚುರುಕಾದದ್ದು ಇನ್ನೊಂದಿಲ್ಲ. ನಾಟಿಯಾದ 14ನೇ ದಿನದಿಂದ ಹೂ ಬರುವವರೆಗೆ 7ರಿಂದ 10 ದಿನಕ್ಕೊಮ್ಮೆ ನೋಡಬೇಕು. ರೋಗವಿಲ್ಲದ ಹತ್ತು ಗುಣಿ ಆರಿಸಿ, ಪ್ರತಿಯೊಂದರಲ್ಲೂ ಮೇಲಿನ, ಪೂರ್ತಿ ಬಿಚ್ಚಿದ ಎಲೆಯ ನಡುಭಾಗವನ್ನು ಪಟ್ಟಿಯ ಮೇಲಿಟ್ಟು ಹೋಲಿಸಿ. ಎಲೆ ಕೀಳಬೇಕಿಲ್ಲ. ಸೂರ್ಯನಿಗೆ ಬೆನ್ನು ಹಾಕಿ, ನಿಮ್ಮ ನೆರಳಿನಲ್ಲೇ ನೋಡಿ. ಬಿಸಿಲು ನೇರವಾಗಿ ಬಿದ್ದರೆ ಹಸಿರು ತಿಳಿಯಾಗಿ ಕಂಡು ಬೇಡದ ಯೂರಿಯಾ ಹಾಕಿಸುತ್ತದೆ. ಪ್ರತಿ ಸಲವೂ ಒಬ್ಬರೇ, ಒಂದೇ ಹೊತ್ತಿನಲ್ಲಿ ನೋಡುವುದು ಮುಖ್ಯ. ಇಬ್ಬರ ಕಣ್ಣು ಅರ್ಧ ಅಂಕೆಯಷ್ಟು ಬೇರೆಯಾಗುವುದು ಸಾಮಾನ್ಯ.

ಆರು ಬಣ್ಣದ ಪಟ್ಟಿಯಲ್ಲಿ ನಾಟಿ ಭತ್ತಕ್ಕೆ ಗಡಿ 4, ನೇರ ಬಿತ್ತನೆಗೆ 3. ನಾಲ್ಕು ಬಣ್ಣದ ಪಟ್ಟಿಗೆ ಗಡಿ ಬೇರೆ, ಅದರ ಮೇಲೆ ಮುದ್ರಿಸಿದ್ದನ್ನೇ ಅನುಸರಿಸಿ. ಹತ್ತರಲ್ಲಿ ಆರು ಅಥವಾ ಹೆಚ್ಚು ಎಲೆ ಗಡಿಗಿಂತ ತಿಳಿಯಾಗಿದ್ದರೆ ಹೆಕ್ಟೇರಿಗೆ 25–30 ಕಿಲೋ ಸಾರಜನಕ ಕೊಡುವುದು ರೂಢಿ. 30 ಕಿಲೋ ಎಂದರೆ ಎಕರೆಗೆ 12 ಕಿಲೋ, ಯೂರಿಯಾ ಲೆಕ್ಕದಲ್ಲಿ 26 ಕಿಲೋ, 45 ಕಿಲೋ ಚೀಲದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

ಕ್ಲೋರೋಫಿಲ್ ಮೀಟರ್ ಇದೇ ಕೆಲಸವನ್ನು ಅಂಕೆಯಲ್ಲಿ ಮಾಡುತ್ತದೆ. ನಾಟಿ ಭತ್ತಕ್ಕೆ ಸ್ಪ್ಯಾಡ್ ಮೀಟರಿನಲ್ಲಿ 35 ಗಡಿ. ಕಣ್ಣಿನ ವ್ಯತ್ಯಾಸ ಇದರಲ್ಲಿ ಇರುವುದಿಲ್ಲ, ಆದರೆ ಬೆಲೆ ಒಬ್ಬ ರೈತನಿಗೆ ನಿಲುಕುವಂಥದ್ದಲ್ಲ. ರೈತ ಉತ್ಪಾದಕರ ಸಂಘ ಒಂದನ್ನು ಇಟ್ಟುಕೊಂಡರೆ ಸರಿಹೋಗುತ್ತದೆ. ನಡುನರದ ಮೇಲೆ ಹಿಡಿಯಬಾರದು, ಅಂಚಿಗೂ ನಡುನರಕ್ಕೂ ಮಧ್ಯೆ ಹಿಡಿಯಬೇಕು.

ಎರಡಕ್ಕೂ ಇರುವ ದೊಡ್ಡ ಕೊರತೆ ಒಂದೇ: ಎಲೆ ಏಕೆ ಹಳದಿ ಎಂದು ಅವು ಹೇಳುವುದಿಲ್ಲ. ಸತು ಅಥವಾ ಗಂಧಕ ಕಡಿಮೆಯಾದರೂ ಎಲೆ ತಿಳಿಯಾಗುತ್ತದೆ, ಪಟ್ಟಿ ಮಾತ್ರ 'ಯೂರಿಯಾ ಹಾಕು' ಎಂದೇ ತೋರಿಸುತ್ತದೆ. ಚೌಳು ಗದ್ದೆಯಲ್ಲಿ ನಾಟಿಯಾದ ಎರಡರಿಂದ ನಾಲ್ಕು ವಾರದಲ್ಲಿ ಪೈರು ಕುಗ್ಗಿ, ಎಲೆಯ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಬಂದಿದ್ದರೆ ಪಟ್ಟಿಯನ್ನು ಪಕ್ಕಕ್ಕಿಟ್ಟು ಮಾದರಿ ತೆಗೆಯಿರಿ. ಆಗ ಮೇಲಿನ ಪೂರ್ತಿ ಬಿಚ್ಚಿದ ಎಲೆ ಒಂದು ಆಯ್ಕೆ, ನೆಲದಿಂದ ಎರಡು–ಮೂರು ಸೆಂಟಿಮೀಟರ್ ಮೇಲೆ ಕೊಯ್ದ ಇಡೀ ಪೈರು ಇನ್ನೊಂದು. ತೆಂಡೆ ಒಡೆಯುವ ಕಾಲದಲ್ಲಿ ಎಲೆಗೆ ಸತು 20 ಪಿಪಿಎಂಗಿಂತ (ಹತ್ತು ಲಕ್ಷ ಭಾಗದಲ್ಲಿ 20 ಭಾಗ) ಕಡಿಮೆ ಎಂದರೆ ಕೊರತೆ, ಇಡೀ ಪೈರಿಗೆ ಗಡಿ 10–15 ಪಿಪಿಎಂ. ಎಲೆಗೆ ಮಣ್ಣು ಹತ್ತುವುದು ಕಡಿಮೆ, ಆದ್ದರಿಂದ ಎಲೆಯೇ ಮೇಲು. ಇಡೀ ಪೈರಿನ ಬುಡಕ್ಕೆ ಅಂಟಿದ ಕೆಸರು ಎಷ್ಟು ತೊಳೆದರೂ ಪೂರ್ತಿ ಹೋಗದು, ಕಬ್ಬಿಣ ಮತ್ತು ಮ್ಯಾಂಗನೀಸ್ ಅಂಕೆಯನ್ನು ಏರಿಸಿಬಿಡುತ್ತದೆ. ಪೈರು ತೀರಾ ಚಿಕ್ಕದಿದ್ದು ಎಲೆ ಸಾಲದಿದ್ದರೆ ಮಾತ್ರ ಇಡೀ ಪೈರು ತೆಗೆಯಿರಿ.

ಕಬ್ಬು: ಅಲಗೋ, ಕವಚವೋ

ಕಬ್ಬಿನಲ್ಲಿ ಎಲೆಯ ಅಲಗೂ ಜಲ್ಲೆಯನ್ನು ಅಪ್ಪಿಕೊಂಡ ಕವಚವೂ ಕೂಡುವ ಕಡೆ ಕೊರಳಿನಂಥ ಒಂದು ಪಟ್ಟಿ ಇರುತ್ತದೆ. ಸುಳಿಯಿಂದ ಕೆಳಗೆ ನೋಡುತ್ತ ಬಂದರೆ ಆ ಕೊರಳು ಮೊದಲು ಸ್ಪಷ್ಟವಾಗಿ ಕಾಣುವ ಎಲೆಯೇ ಮಾದರಿ ಎಲೆ. ಸುಳಿಯಿಂದ ಮೂರನೆಯದು, ನಾಲ್ಕನೆಯದು ಎಂದು ಎಣಿಸಹೋದರೆ ಸುಳಿಯಲ್ಲಿ ಸುತ್ತಿಕೊಂಡ ಎಲೆಗಳನ್ನು ಒಬ್ಬೊಬ್ಬರು ಒಂದೊಂದು ತರಹ ಲೆಕ್ಕ ಹಾಕುತ್ತಾರೆ. ಕೊರಳು ನೋಡಿ ಗುರುತಿಸಿದರೆ ಆ ಗೊಂದಲವಿಲ್ಲ.

20ರಿಂದ 30 ಜಲ್ಲೆಯಿಂದ ಈ ಎಲೆ ಕಿತ್ತು, ತುದಿ ಬುಡ ಎರಡನ್ನೂ ಕತ್ತರಿಸಿ ನಡುವಿನ 20–30 ಸೆಂಟಿಮೀಟರ್ ಉಳಿಸಿಕೊಳ್ಳಿ. ಆಮೇಲೆ ನಡುನರ ಸೀಳಿ ಬಿಸಾಡಿ. ನಡುನರದಲ್ಲಿ ಸಾರಜನಕ ಅಲಗಿಗಿಂತ ತೀರಾ ಕಡಿಮೆ. ಅದು ಸೇರಿಕೊಂಡರೆ ಚೆನ್ನಾಗಿರುವ ಕಬ್ಬೂ ಹಸಿದಿದೆ ಎಂದು ವರದಿ ಬರುತ್ತದೆ. ಈ ಭಾಗಕ್ಕೆ, ಬೆಳವಣಿಗೆ ಜೋರು ಹಿಡಿಯುವ ಕಾಲಕ್ಕೆ ಬಳಕೆಯಲ್ಲಿರುವ ಗಡಿ ಅಂಕೆಗಳು: ಸಾರಜನಕ 1.8, ರಂಜಕ 0.19, ಪೊಟ್ಯಾಷಿಯಂ 0.9, ಕ್ಯಾಲ್ಸಿಯಂ 0.2, ಗಂಧಕ 0.13 ಪ್ರತಿಶತ, ಸತು 15, ತಾಮ್ರ 3, ಬೋರಾನ್ 4 ಪಿಪಿಎಂ. ಇವು ಫ್ಲೋರಿಡಾದ ಅಳತೆಯಿಂದ ಬಂದವು. ನಮ್ಮ ಸಿಓ 62175 ತಳಿಗೆ ಎರಡನೇ ದಶಾಂಶದವರೆಗೆ ಕೂರುತ್ತವೆ ಎಂದು ಹಿಡಿಯಬೇಡಿ. ಗಡಿಯಿಂದ ಬಹಳ ಕೆಳಗಿದ್ದರೆ ನಂಬಿ, ಅಂಚಿನಲ್ಲಿದ್ದರೆ ಚೆನ್ನಾಗಿರುವ ಹೊಲದ ಮಾದರಿಯ ಪಕ್ಕ ಇಟ್ಟು ನೋಡಿ.

ಕವಚದ ವಿಧಾನ ಹವಾಯಿಯಲ್ಲಿ ಸಸ್ಯವಿಜ್ಞಾನಿ ಕ್ಲೆಮೆಂಟ್ಸ್ ರೂಪಿಸಿದ್ದು. ಸುಳಿಯನ್ನು ಒಂದು ಎಂದು ಎಣಿಸಿ 3ರಿಂದ 6ನೇ ಎಲೆಗಳ ಅಲಗಿನಲ್ಲಿ ಸಾರಜನಕವನ್ನೂ, ಅವೇ ಎಲೆಗಳ ಕವಚದಲ್ಲಿ ತೇವಾಂಶ, ರಂಜಕ, ಪೊಟ್ಯಾಷನ್ನೂ ನೋಡುತ್ತಾರೆ. ಪೊಟ್ಯಾಷ್ ಮತ್ತು ನೀರಿನ ಸ್ಥಿತಿಯನ್ನು ಕವಚ ಅಲಗಿಗಿಂತ ಚೆನ್ನಾಗಿ ತೋರಿಸುತ್ತದೆ, ಕಬ್ಬು ಮಾಗಿಸಲು ನೀರು ಯಾವಾಗ ನಿಲ್ಲಿಸಬೇಕು ಎನ್ನುವುದಕ್ಕೂ ಅದರ ತೇವಾಂಶ ಆಸರೆ. ಆದರೆ ಇದು ಒಮ್ಮೆ ತೆಗೆದು ಮುಗಿಸುವ ಪರೀಕ್ಷೆಯಲ್ಲ. ಕೆಲವು ವಾರಕ್ಕೊಮ್ಮೆ ತೆಗೆಯುತ್ತಲೇ ಇರಬೇಕು, ಕವಚ ಬಾಡುವ ಮೊದಲೇ ತೂಕವಾಗಬೇಕು. ದೊಡ್ಡ ತೋಟಕ್ಕೆ, ಕಾರ್ಖಾನೆಯ ಕಬ್ಬು ಅಭಿವೃದ್ಧಿ ವಿಭಾಗಕ್ಕೆ ಅದು ಸರಿ. ಎರಡು–ಮೂರು ಎಕರೆಯವರಿಗೆ ಅಲಗೇ ಸಾಕು.

ಕಾಲದ ಬಗ್ಗೆ ಒಂದು ಮಾತು. ನಾಲ್ಕು ತಿಂಗಳಾದ ಮೇಲೆ ಮಾದರಿ ತೆಗೆದರೆ ಅಂಕೆ ನಂಬಿಕೆಯದ್ದು, ಆದರೆ ಅಷ್ಟರಲ್ಲಿ ಮಣ್ಣೇರಿಸಿ ಗೊಬ್ಬರದ ಕೊನೆ ಕಂತು ಮುಗಿದಿರುತ್ತದೆ. ಆ ವರದಿ ಹೆಚ್ಚಾಗಿ ಮುಂದಿನ ಕೂಳೆಗೆ ಉಪಯೋಗ. ನಿಂತ ಬೆಳೆಗೇ ಬೇಕೆಂದರೆ ಮೂರನೇ ತಿಂಗಳಲ್ಲಿ ತೆಗೆದು, ಪಕ್ಕದ ಒಳ್ಳೇ ಕಬ್ಬಿನ ಮಾದರಿಯ ಜೊತೆಗೇ ಹೋಲಿಸಿ. ಎಳೇ ಕಬ್ಬಿನಲ್ಲಿ ಸಾರಜನಕ ಸಹಜವಾಗಿಯೇ ಹೆಚ್ಚಿರುವುದರಿಂದ ಮೇಲಿನ ಗಡಿ ಅಂಕೆ ಅಲ್ಲಿ ನಡೆಯುವುದಿಲ್ಲ.

ಬಿಳಿಚಿದ ಕೂಳೆಗೆ ಮಾಮೂಲು ಪರೀಕ್ಷೆ ಬೇಡ

ಕೂಳೆಯಲ್ಲಿ ಎಳೇ ಎಲೆ ನರದ ನಡುವೆ ಹಳದಿಯಾಗಿ, ಕೊನೆಗೆ ಕಾಗದದಂತೆ ಬೆಳ್ಳಗಾಗುವುದು ಕಬ್ಬಿಣದ ಕೊರತೆ. ಆ ಎಲೆಯನ್ನು ಒಣಗಿಸಿ ಒಟ್ಟು ಕಬ್ಬಿಣ ಅಳೆಸಿದರೆ ಅಂಕೆ ಹಸಿರು ಎಲೆಯಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚೇ ಬರುತ್ತದೆ. ಕಬ್ಬಿಣ ಎಲೆ ಸೇರಿದ್ದರೂ ಕೆಲಸಕ್ಕೆ ಬಾರದ ರೂಪದಲ್ಲಿ ಕಟ್ಟಿಬಿದ್ದಿರುತ್ತದೆ, ಎಲೆ ಕುಗ್ಗಿರುವುದರಿಂದ ಸಾಂದ್ರತೆಯೂ ಏರಿರುತ್ತದೆ. 'ಕಬ್ಬಿಣ ಸಾಕಷ್ಟಿದೆ' ಎಂಬ ವರದಿ ಹಿಡಿದು ಮತ್ತೆ ಯೂರಿಯಾ ಹಾಕಿದವರ ಕೂಳೆ ಹಸಿರಾಗುವುದಿಲ್ಲ.

ಇಲ್ಲಿ ಎರಡೇ ದಾರಿ. ಒಂದು, ಸಕ್ರಿಯ ಕಬ್ಬಿಣದ, ಅಂದರೆ ಗಿಡ ಬಳಸಬಲ್ಲ ಕಬ್ಬಿಣದ, ಪರೀಕ್ಷೆ: ಎಲೆ ಒಣಗಿಸದೆ, ಐಸ್ ಡಬ್ಬದಲ್ಲಿ ಅದೇ ದಿನ ತಲುಪಿಸಬೇಕು, ಎಲ್ಲ ಪ್ರಯೋಗಾಲಯಗಳೂ ಮಾಡುವುದಿಲ್ಲ. ಇನ್ನೊಂದು, ಬಳಿದು ನೋಡುವುದು. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಸಂಜೆ ಹೊತ್ತು ಹತ್ತಾರು ಎಲೆಗಳ ಒಂದು ಪಕ್ಕಕ್ಕೆ ಮಾತ್ರ ಬಟ್ಟೆಯಿಂದ ಒರೆಸಿ ಗುರುತು ಕಟ್ಟಿ. ವಾರದೊಳಗೆ ಬಳಿದ ಕಡೆ ಹಸಿರು ತಿರುಗಿದರೆ ಕಾರಣ ಕಬ್ಬಿಣವೇ. ದ್ರಾವಣ ಕಂದು ಬಣ್ಣಕ್ಕೆ ತಿರುಗಿದ್ದರೆ ಕಬ್ಬಿಣ ಕೆಟ್ಟಿದೆ ಎಂದರ್ಥ, ಹೊಸದಾಗಿ ಕರಗಿಸಿಕೊಳ್ಳಿ. ಕೂಳೆಯ ಮಟ್ಟಿಗೆ ಪ್ರಯೋಗಾಲಯಕ್ಕಿಂತ ಈ ಬಟ್ಟೆ ಪರೀಕ್ಷೆಯೇ ಉತ್ತಮ.

ತೆಂಗು: ಹದಿನಾಲ್ಕನೇ ಗರಿ

ಫಲ ಕೊಡುವ ತೆಂಗಿಗೆ 14ನೇ ಗರಿಯೇ ಮಾದರಿ. ಮರ ತಿಂಗಳಿಗೆ ಹೆಚ್ಚುಕಡಿಮೆ ಒಂದು ಗರಿ ಬಿಡುವುದರಿಂದ ಅದು ಒಂದು ವರ್ಷದ ಮೇಲ್ಪಟ್ಟ ಗರಿ, ಹೋದ ವರ್ಷದ ಊಟವೆಲ್ಲ ಅದರಲ್ಲಿ ದಾಖಲಾಗಿರುತ್ತದೆ. ಸುಳಿಯ ಪಕ್ಕ ಪೂರ್ತಿ ಬಿಚ್ಚಿದ ಗರಿ ಒಂದನೆಯದು. ಅಲ್ಲಿಂದ ಎಣಿಸುವುದು ಕಷ್ಟವಾದರೆ ಹೊಂಬಾಳೆ ನೋಡಿ: ಇನ್ನೇನು ಒಡೆಯಲಿರುವ ಹೊಂಬಾಳೆ ಇರುವುದು ಸಾಮಾನ್ಯವಾಗಿ 9ನೇ ಗರಿಯ ಕಂಕುಳಲ್ಲಿ, ಒಡೆದದ್ದು 10ನೆಯದರಲ್ಲಿ. ಗರಿಗಳು ಸುತ್ತಿಕೊಂಡು ಏರುವ ಕ್ರಮದಿಂದಾಗಿ 14ನೆಯದು 9ನೆಯದರ ನೇರ ಕೆಳಗೆ ಬರುತ್ತದೆ. ಅದರ ಕಂಕುಳಿನ ಗೊನೆಯ ಕಾಯಿ ಮುಷ್ಟಿ ಗಾತ್ರದ್ದು. ಇನ್ನೂ ಫಲ ಬಿಡದ ಗಿಡಕ್ಕೆ ವಯಸ್ಸು ನೋಡಿ 4ನೇ ಅಥವಾ 9ನೇ ಗರಿ.

ಗರಿಯ ನಡುಭಾಗದಿಂದ ಆ ಪಕ್ಕ ಮೂರು, ಈ ಪಕ್ಕ ಮೂರು ಎಸಳು ಕಿತ್ತು, ಪ್ರತಿಯೊಂದರ ನಡುವಿನ 10 ಸೆಂಟಿಮೀಟರ್ ಉಳಿಸಿ, ಕಡ್ಡಿ ಮತ್ತು ಅಂಚು ತೆಗೆಯಿರಿ. ಒಂದೇ ವಯಸ್ಸಿನ, ಒಂದೇ ತಳಿಯ 15–20 ಮರ ಒಂದು ಮಾದರಿಗೆ. ಬೆಳಿಗ್ಗೆ 7ರಿಂದ 11ರೊಳಗೆ ಮುಗಿಸಿ, ಜೋರು ಮಳೆಯಾಗಿದ್ದರೆ ಒಂದೂವರೆ ದಿನ ಬಿಟ್ಟು ತೆಗೆಯಿರಿ, ಏಕೆಂದರೆ ಮಳೆ ಎಲೆಯಿಂದ ಪೊಟ್ಯಾಷ್ ತೊಳೆಯುತ್ತದೆ. ಗಡಿ ಅಂಕೆ ಸಾರಜನಕಕ್ಕೆ 1.8–2.0, ರಂಜಕಕ್ಕೆ 0.12, ಪೊಟ್ಯಾಷಿಯಂಗೆ 0.8–1.0, ಮೆಗ್ನೀಷಿಯಂಗೆ 0.20–0.24, ಕ್ಲೋರೈಡಿಗೆ 0.5 ಪ್ರತಿಶತ. ಪೊಟ್ಯಾಷ್ ಮೆಗ್ನೀಷಿಯಂ ಎರಡನ್ನೂ ಒಟ್ಟಿಗೆ ಓದಿ. ಒಂದನ್ನು ಸುರಿದರೆ ಇನ್ನೊಂದು ಇಳಿಯುತ್ತದೆ.

ದೋಟಿಯಿಂದ ಕೆಳಗಿನ ಸುಲಭದ ಗರಿ ಕೊಯ್ದು ಕಳಿಸುವುದು ಎಲ್ಲೆಡೆ ನಡೆಯುತ್ತದೆ. ಕೆಳಗಿನ ಮುದಿ ಗರಿಯಲ್ಲಿ ಪೊಟ್ಯಾಷ್ ಕಡಿಮೆ, ಕ್ಯಾಲ್ಸಿಯಂ ಹೆಚ್ಚು, ಆ ವರದಿಗೆ ಬೆಲೆ ಇಲ್ಲ. ಮದ್ದೂರು ಮಾರುಕಟ್ಟೆಗೆ ಎಳನೀರು ಇಳಿಸುವ ದಿನವೇ, ಹತ್ತಿದವರ ಕೈಯಲ್ಲೇ 14ನೇ ಗರಿಯ ಎಸಳು ತೆಗೆಸುವುದು ಒಳ್ಳೇದು. ಹೊಂಬಾಳೆಯ ಮೊಳಕೆ ಮರದೊಳಗೆ ಮೂಡಿದ ಮೇಲೆ ಕಾಯಿ ಬಲಿಯಲು ಮೂರೂವರೆ ವರ್ಷದ ಮೇಲೇ ಬೇಕು, ಹಾಗಾಗಿ ತಿದ್ದುಪಡಿಯ ಫಲ ಇಳುವರಿಯಲ್ಲಿ ತಡವಾಗಿ ಕಂಡರೂ ಎಲೆಯಲ್ಲಿ ಮುಂಚೆ ಕಾಣುತ್ತದೆ. ಅದಕ್ಕೇ ಮರಕ್ಕೆ ಬಣ್ಣದ ಗುರುತು ಹಾಕಿ ಪ್ರತಿ ವರ್ಷ ಅವೇ ಮರ, ಅದೇ ತಿಂಗಳು.

ಬಾಳೆ: ಎಲೆಯ ಪಟ್ಟಿ ಅಥವಾ ತೊಟ್ಟು

ಎರಡೂ ಮೇಲಿನಿಂದ ಮೂರನೇ ಬಿಚ್ಚಿದ ಎಲೆಯವೇ, ಕಾಲ ಮಾತ್ರ ಬೇರೆ. ಅಂತರರಾಷ್ಟ್ರೀಯ ರೂಢಿಯಲ್ಲಿ ಗೊನೆ ಹೊರಬಂದು ಹೆಣ್ಣು ಹೂವಿನ ಚಿಪ್ಪುಗಳೆಲ್ಲ ತೆರೆದ ಮೇಲೆ, ಎಲೆಯ ನಡುವಿನಿಂದ ದಿಂಡಿನ ಎರಡೂ ಬದಿಗೆ 10 ಸೆಂಟಿಮೀಟರ್ ಅಗಲದ ಪಟ್ಟಿ ಕೊಯ್ಯುತ್ತಾರೆ. ಅದಕ್ಕೆ ಗಡಿ ಸಾರಜನಕ 2.6, ರಂಜಕ 0.2, ಪೊಟ್ಯಾಷಿಯಂ 3.0 ಪ್ರತಿಶತ. ನಮ್ಮಲ್ಲಿ ಬಳಸುವ ಇನ್ನೊಂದು ವಿಧಾನ ಮೂತಿ ಕಾಂಡದೊಳಗೆ ರೂಪುಗೊಳ್ಳುವ ಹೊತ್ತಿಗೆ, ಅಂದರೆ ನಾಟಿಯಾದ ಸುಮಾರು ನಾಲ್ಕನೇ ತಿಂಗಳಲ್ಲಿ, ಅದೇ ಎಲೆಯ ತೊಟ್ಟು ತೆಗೆಯುವುದು. ನಿಂತ ಬೆಳೆಯನ್ನು ಸರಿಪಡಿಸಬೇಕೆಂದರೆ ತೊಟ್ಟನ್ನೇ ಆರಿಸಿ: ಗೊನೆ ಬಂದ ಮೇಲೆ ಚಿಪ್ಪಿನ ಸಂಖ್ಯೆ ಬದಲಾಗುವುದಿಲ್ಲ. ಪಟ್ಟಿಯ ವರದಿ ಮರಿ ಬೆಳೆಗೆ. ತೊಟ್ಟಿನಲ್ಲಿ ಸಾರಜನಕ ಎಲೆಗಿಂತ ಬಹಳ ಕಡಿಮೆ ಇರುವುದರಿಂದ ಪಟ್ಟಿಯ ಗಡಿಗೆ ತೊಟ್ಟಿನ ಅಂಕೆ ಹೋಲಿಸಲೇಬಾರದು. ಈ ಅಂಕೆಗಳು ಪಚ್ಚಬಾಳೆ ಜಾತಿಯಿಂದ ಬಂದವು. ಏಲಕ್ಕಿ, ನಂಜನಗೂಡು ರಸಬಾಳೆಗೆ ಒಳ್ಳೇ ಗಿಡ–ಕೆಟ್ಟ ಗಿಡದ ಜೋಡಿ ಮಾದರಿಯೇ ಹೆಚ್ಚು ಭರವಸೆಯದ್ದು.

ಟೊಮೆಟೊ: ರಸ ಹಿಂಡಿ ನೋಡುವುದು

ಹನಿ ನೀರಾವರಿಯಲ್ಲಿ ವಾರವಾರ ಗೊಬ್ಬರ ಬಿಡುವವರಿಗೆ ಒಣ ಎಲೆಯ ವರದಿ ಬರುವಷ್ಟರಲ್ಲಿ ಬೆಳೆ ಮುಂದೆ ಹೋಗಿರುತ್ತದೆ. ಅಂಥವರಿಗೆ ತೊಟ್ಟಿನ ರಸ. ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರೊಳಗೆ, ತುದಿಯಿಂದ ನಾಲ್ಕರಿಂದ ಆರನೇ ಎಲೆ, 20 ಗಿಡದಿಂದ. ಕಿತ್ತ ಕೂಡಲೇ ಎಲೆಗಳನ್ನು ಸವರಿ ತೊಟ್ಟು ಮಾತ್ರ ಇಟ್ಟುಕೊಳ್ಳಿ, ಇಲ್ಲದಿದ್ದರೆ ಎಲೆ ತೊಟ್ಟಿನ ನೀರು ಎಳೆದು ರಸ ಗಟ್ಟಿಯಾಗುತ್ತದೆ. ಸಣ್ಣಗೆ ಕತ್ತರಿಸಿ ಕಲೆಸಿ, ಬೆಳ್ಳುಳ್ಳಿ ಜಜ್ಜುವ ಒತ್ತುಕದಲ್ಲಿ ಹಿಂಡಿ, ಎರಡು ಹನಿ ನೈಟ್ರೇಟ್ ಮೀಟರಿಗೆ ಹಾಕಿ. ಮೀಟರನ್ನು ಪ್ರತಿ ಸಲ ಪ್ರಮಾಣಿತ ದ್ರಾವಣದಿಂದ ಹೊಂದಿಸಿಕೊಳ್ಳಲೇಬೇಕು.

ಮೊದಲ ಹೂವು ಅರಳಿದಾಗ ನೈಟ್ರೇಟ್ ಸಾರಜನಕ 600–800 ಪಿಪಿಎಂ, ಕಾಯಿ ಒಂದು ಅಂಗುಲವಾದಾಗ 400–600, ಮೊದಲ ಕೊಯ್ಲಿಗೆ 300–400 ಇದ್ದರೆ ಸಾಕು. ಇಲ್ಲಿ ಎಡವುವವರು ಬಹಳ: ಹಲವು ಮೀಟರುಗಳು ತೋರಿಸುವುದು ನೈಟ್ರೇಟನ್ನು, ನೈಟ್ರೇಟ್ ಸಾರಜನಕವನ್ನಲ್ಲ. ನೈಟ್ರೇಟ್ ಅಂಕೆಯನ್ನು 4.43ರಿಂದ ಭಾಗಿಸಿ ಹೋಲಿಸಿ. ಮೀಟರಿನಲ್ಲಿ 2600 ಬಂದರೆ ಅದು ಸುಮಾರು 590, ವಿಪರೀತವೇನಲ್ಲ. ತಕ್ಷಣ ಹಿಂಡಲಾಗದಿದ್ದರೆ ತೊಟ್ಟನ್ನು ಇಡಿಯಾಗಿ ಐಸಿನಲ್ಲಿ ಎಂಟು ಗಂಟೆಯವರೆಗೆ ಇಡಬಹುದು. ಹಿಂಡಿದ ರಸ ಇಡಬೇಡಿ.

ಕಾಯಿಯ ತಳ ಕಪ್ಪಾಗಿ ಕೊಳೆಯುತ್ತಿದ್ದರೆ ಎಲೆಯನ್ನೂ ರಸವನ್ನೂ ಕೇಳಿ ಪ್ರಯೋಜನವಿಲ್ಲ. ಎಲೆಯಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದೂ ಕಾಯಿಗೆ ತಲುಪಿರುವುದಿಲ್ಲ. ನೀರು ಕೊಡುವ ಕ್ರಮ ನೋಡಿ.

ಮುಸುಕಿನ ಜೋಳಕ್ಕೆ ಚಿಕ್ಕದರಲ್ಲಿ, 30 ಸೆಂಟಿಮೀಟರ್‌ವರೆಗೆ, ಇಡೀ ಗಿಡ; ತೆನೆಯಲ್ಲಿ ರೇಷ್ಮೆ ಮೂಡಿದಾಗ ತೆನೆಯ ಬುಡದ ಎಲೆ. ಪಪ್ಪಾಯಿಗೆ ಆರು ತಿಂಗಳಲ್ಲಿ ಮೇಲಿನಿಂದ ಆರನೇ ಎಲೆಯ ತೊಟ್ಟು.

ಹೊಲ ಸುತ್ತುವುದೋ, ಜೋಡಿ ತೆಗೆಯುವುದೋ

ಇಡೀ ಹೊಲದ ಸರಾಸರಿ ಬೇಕೆಂದರೆ ಅಡ್ಡಾದಿಡ್ಡಿ ಹಾದಿಯಲ್ಲಿ ನಡೆದು, ಬದುವಿನ ಸಾಲು, ನೀರು ಬಾಯಿ, ತಿಪ್ಪೆ ಇದ್ದ ಜಾಗ ಬಿಟ್ಟು ಎಲೆ ಸೇರಿಸಿ. ಕಾರಣ ಹುಡುಕುವಾಗ ಇದೇ ವಿಧಾನ ಮೋಸ ಮಾಡುತ್ತದೆ: ಕೆಟ್ಟ ಗಿಡದ ಕೊರತೆಯನ್ನು ಒಳ್ಳೇ ಗಿಡದ ಎಲೆ ಮುಚ್ಚಿಹಾಕುತ್ತದೆ. ಆಗ ಒಂದೇ ತಳಿ, ಒಂದೇ ವಯಸ್ಸಿನ ಗಿಡಗಳಿಂದ ಎರಡು ಮಾದರಿ, ಜೊತೆಗೆ ಎರಡೂ ಜಾಗದ ಮಣ್ಣು. ಕೆಟ್ಟ ಜಾಗದಲ್ಲೂ ಪೂರ್ತಿ ಒಣಗಿದ ಗಿಡ ಬೇಡ, ಈಗಷ್ಟೇ ಲಕ್ಷಣ ತೋರಿಸುತ್ತಿರುವುದನ್ನು ತೆಗೆಯಿರಿ.

ಜೋಡಿ ಮಾದರಿಯಲ್ಲಿ ಎಲೆಗಳ ಗಾತ್ರವನ್ನೂ ಬರೆದಿಡಿ. ಸತುವಿಲ್ಲದೆ ಮುದುಡಿದ ಪೈರಿನ ಪುಟ್ಟ ಎಲೆಯಲ್ಲಿ ಇರುವ ಅಲ್ಪ ಸತುವೇ ದಟ್ಟವಾಗಿ ತೋರಬಹುದು. ಅಂಕೆ ಸಮ, ಎಲೆ ಅರ್ಧ ಎಂದಾದರೆ ಕೊರತೆ ಇದೆ ಎಂದೇ ಓದಿ. ಪೋಷಕಾಂಶಗಳ ಪರಸ್ಪರ ಅನುಪಾತ ನೋಡುವ 'ಡ್ರಿಸ್' ಎಂಬ ಲೆಕ್ಕಾಚಾರ ಎಲೆಯ ವಯಸ್ಸಿನ ಏರುಪೇರಿಗೆ ಅಷ್ಟಾಗಿ ಬಗ್ಗುವುದಿಲ್ಲ. ಆದರೆ ಆ ಬೆಳೆಗೆ ನಮ್ಮ ಕಡೆಯ ಮಾನದಂಡ ಇದ್ದರೆ ಮಾತ್ರ ಅದನ್ನು ಕೇಳಿ ಪಡೆಯಿರಿ.

ಕಿತ್ತ ಮೇಲೆ

ಒಣಗಿಸಿ ಕಳಿಸುವ ಮಾದರಿ ಕೀಳುವಾಗ ಗೊಬ್ಬರ ಹಾಕಿ ಮೂರ್ನಾಲ್ಕು ವಾರ ಆಗಿರಬೇಕು. ಎಲೆ ಬಾಡುವ ಮೊದಲೇ, ಲೀಟರಿಗೆ 1–2 ಗ್ರಾಂ ಸಾಬೂನು ಪುಡಿ ಹಾಕಿದ ನೀರಲ್ಲಿ ಅದ್ದಿ, ಚೊಕ್ಕ ನೀರಲ್ಲಿ, ಕೊನೆಗೆ ಬಟ್ಟಿ ಇಳಿಸಿದ ನೀರಲ್ಲಿ ಜಾಲಿಸಿ. ಪುಡಿಯಲ್ಲಿ ಫಾಸ್ಫೇಟ್ ಇರಬಾರದು. ಒಟ್ಟು ಒಂದು ನಿಮಿಷ ಮೀರಬೇಡಿ, ನೆನೆಸಿಟ್ಟರೆ ಪೊಟ್ಯಾಷ್ ನೀರಿಗೆ ಇಳಿಯುತ್ತದೆ. ನೆರಳಲ್ಲಿ ಆರಿಸಿ ಕಾಗದದ ಕವರಿಗೆ ಹಾಕಿ. ಪ್ಲಾಸ್ಟಿಕ್ಕಿನಲ್ಲಿ ಬೆವರಿ ಕೊಳೆತರೆ ಎಲೆಯ ಒಣತೂಕ ಕರಗಿ ಸಾರಜನಕ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಪ್ರಯೋಗಾಲಯ 65–70 ಡಿಗ್ರಿಯಲ್ಲಿ ಒಣಗಿಸುತ್ತದೆ, ಅದನ್ನು ಒಲೆಯ ಮೇಲೆ ಮಾಡಹೋಗಬೇಡಿ.

ಸತು ಲೇಪದ ಬಕೆಟ್, ರಬ್ಬರ್ ಕೈಗವಸು ಸತುವಿನ ಅಂಕೆ ಏರಿಸುತ್ತವೆ. ಸ್ಟೀಲ್ ಕತ್ತರಿ, ಪ್ಲಾಸ್ಟಿಕ್ ಬಕೆಟ್ ಬಳಸಿ. ಬೋರ್ಡೋ (ಮೈಲುತುತ್ತ–ಸುಣ್ಣದ ದ್ರಾವಣ) ಹೊಡೆದ ಎಲೆಯಲ್ಲಿ ತಾಮ್ರದ ಅಂಕೆ ಸುಳ್ಳು. ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕದಲ್ಲೇ ಮ್ಯಾಂಗನೀಸೂ ಸತುವೂ ಇರುವುದರಿಂದ, ಅದು ಬಿದ್ದ ಎಲೆಯಲ್ಲಿ ಆ ಎರಡೂ ಅಂಕೆಗಳನ್ನು ನಂಬುವ ಹಾಗಿಲ್ಲ. ಸಿಂಪಡಣೆಯ ನಂತರ ಬಂದ ಹೊಸ ಎಲೆ ಮಾದರಿಯ ವಯಸ್ಸಿಗೆ ಬರುವವರೆಗೆ ಕಾಯಿರಿ. ಕವರಿನ ಮೇಲೆ ಪೆನ್ಸಿಲಿನಿಂದ ಬೆಳೆ, ತಳಿ, ನಾಟಿಯ ದಿನ, ಎಷ್ಟನೇ ಎಲೆ, ಯಾವ ಭಾಗ, ಕೊನೆಯ ಗೊಬ್ಬರ, ಕೊನೆಯ ಔಷಧಿ ಬರೆಯಿರಿ. ಕೊಡುವ ಮುಂಚೆ ಪ್ರಯೋಗಾಲಯದವರನ್ನು ಒಂದು ಮಾತು ಕೇಳಿ: ನಿಮ್ಮ ಗಡಿ ಅಂಕೆ ಯಾವ ಎಲೆಗೆ, ಯಾವ ಭಾಗಕ್ಕೆ? ಅವರು ಹೇಳಿದ ಎಲೆ ನಿಮ್ಮ ಕವರಿನಲ್ಲಿ ಇರದಿದ್ದರೆ ವಾಪಸ್ ಹೋಗಿ ಆ ಎಲೆಯನ್ನೇ ಕಿತ್ತು ತನ್ನಿ.